ವಾಲ್ವ್ ಎದುರಿನ ಹಳದಿ ಚುಕ್ಕಿ

ತಿರುವಿನಲ್ಲಿ ಪುಟ್ಟಿ ಬ್ರೇಕ್ ಒತ್ತಿದಳು. ಕಾರು ನಿಲ್ಲಲಿಲ್ಲ — ಜಾರಿಕೊಂಡೇ ಹೋಗಿ, ಎದುರು ಮನೆಯ ಗೇಟಿಗೆ ಒಂದು ಗೇಣು ಇರುವಾಗ ನಿಂತಿತು.

ಎದೆಬಡಿತ ಇಳಿಯುವವರೆಗೆ ಸ್ಟೀರಿಂಗ್ ಹಿಡಿದೇ ಕೂತಳು. ರಸ್ತೆ ಒದ್ದೆಯಿತ್ತು, ನಿಜ. ಆದರೆ ಒದ್ದೆಯಲ್ಲೂ ಹಿಡಿತ ಸಿಗಲಿ ಎಂದೇ ಅಲ್ಲವೇ ನಿನ್ನೆ ಈ ಟೈರು ಹಾಕಿಸಿದ್ದು? ವೇಗದ ಕಾರುಗಳಿಗೆಂದೇ ಮಾಡಿದ ಮೆತ್ತನೆ ರಬ್ಬರು, ಅದೂ ಅರ್ಧ ಬೆಲೆಗೆ. ಇಳಿದು ಉಗುರು ಒತ್ತಿ ನೋಡಿದಳು. ಉಗುರು ಇಳಿಯಲಿಲ್ಲ.

ಇಪ್ಪತ್ತೆಂಟಾದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ಆರು ವರ್ಷ ಟ್ಯಾಕ್ಸಿ ಓಡಿಸಿದವಳು; ಕೂಡಿಟ್ಟ ದುಡ್ಡಿನಲ್ಲಿ ಈ ವೇಗದ ಕಾರನ್ನು ಬೇರೆಯಾಗಿ ಕೊಂಡಿದ್ದಳು. ಕಾರು ಕಂಪನಿಯೊಂದು ಪರೀಕ್ಷಾ ಚಾಲಕರನ್ನು ತೆಗೆದುಕೊಳ್ಳುತ್ತಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ, ನೀರು ಹಾಯಿಸಿದ ಟ್ರ್ಯಾಕಿನ ಮೇಲೆ, ಅವರವರ ಕಾರಿನಲ್ಲೇ ಪರೀಕ್ಷೆ. ಈಗ ಗಂಟೆ ಒಂಬತ್ತು.

ಕಾರನ್ನು ಮೆಲ್ಲಗೆ ಮನೆಗೆ ತಂದು ದೊಡ್ಡಪ್ಪನಿಗೆ ಫೋನ್ ಮಾಡಿದಳು. ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಬೆವರು ಸುರಿಸಿದ ಮನುಷ್ಯ. ಓದಿದ್ದು ನಾಲ್ಕನೇ ಕ್ಲಾಸು. ರಬ್ಬರಿನ ವಿಷಯಕ್ಕೆ ಬಂದರೆ ಇಂಜಿನಿಯರುಗಳೂ ಅವರ ಬಾಯಿ ನೋಡುತ್ತಿದ್ದರು.

ಬಂದವರೇ ಜಾಕ್ ಹಾಕಿಸಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದರು.

“ತಯಾರಾದ ತಾರೀಖಿನ ಅಂಕಿ ಒಳಮುಖಕ್ಕೆ ಹಾಕಿದಾರೆ. ಆರು ವರ್ಷದ ಹಿಂದಿನ ಟೈರಮ್ಮ ಇದು. ಜಾಸ್ತಿ ಓಡಿಲ್ಲ, ಅದಕ್ಕೇ ಹಲ್ಲು ಚೆನ್ನಾಗಿದೆ. ರಬ್ಬರು ಮಾತ್ರ ಒಣಗಿ ಕಟ್ಟಿಗೆ ಆಗಿದೆ. ಕೊಳ್ಳುವಾಗ ನೋಡಿದ್ಯಾ?”

“ನೋಡ್ದೆ ದೊಡ್ಡಪ್ಪ. ನೀವೇ ಹೇಳ್ಕೊಟ್ಟಿದ್ರಲ್ಲ — ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರು ಈ ವರ್ಷದ್ದೇ.”

“ಹಾಗಾದ್ರೆ ಒಂದೇ ಸಂಜೆಗೆ ಆರು ವರ್ಷ ವಯಸ್ಸಾಯ್ತು. ಯಾರ್ಯಾರ ಕೈ ದಾಟಿ ಬಂತು?”

“ಅಂಗಡಿಯವರು. ಎದುರು ವರ್ಕ್‌ಶಾಪಿನ ಫಿಟ್ಟರ್. ಆಮೇಲೆ...” ಅವಳ ದನಿ ಇಳಿಯಿತು. “ಅಣ್ಣ. ಕಾರು ಮನೆಗೆ ತಂದಿದ್ದು ಅವನೇ.”

ಹೋದ ವಾರ ಅಣ್ಣ ಕೂಗಾಡಿದ್ದು ದೊಡ್ಡಪ್ಪನಿಗೂ ಗೊತ್ತಿತ್ತು. ‘ಪ್ರಾಣ ಕಳಕೊಳ್ಳೋ ಕೆಲಸ ಬೇಡ. ಹೋಗ್ತೀನಿ ಅಂದ್ರೆ ನಾಲ್ಕೂ ಚಕ್ರ ಪಂಚರ್ ಮಾಡ್ತೀನಿ, ನೋಡ್ತಿರು.’

ಒಂದೊಂದು ಚಕ್ರವನ್ನೂ ಎತ್ತಿಸಿ, ತಿರುಗಿಸಿ ಬಿಟ್ಟು ನೋಡಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಅವರು ಟವೆಲಿನಿಂದ ಒರೆಸಿದರು. ಕಪ್ಪು ಪಾಲಿಶ್, ಗಾಳಿ ತುಂಬುವ ವಾಲ್ವ್, ಅದರೆದುರು ಟೈರಿನ ಮೇಲೊಂದು ಹಳದಿ ಚುಕ್ಕಿ. ಟವೆಲನ್ನೊಮ್ಮೆ ನೋಡಿ ಹೆಗಲಿಗೆ ಹಾಕಿಕೊಂಡರು.

“ನಡಿ, ಅಂಗಡಿಗೆ. ಈ ಕಾರು ಇಲ್ಲೇ ಇರ್ಲಿ, ನಿನ್ನ ಟ್ಯಾಕ್ಸೀಲೇ ಹೋಗೋಣ.”

ಅಂಗಡಿಯವರು ಬೋಣಿಗೆ ಮೊದಲೇ ಬಂದ ತಕರಾರಿಗೆ ಮುಖ ಹುಳ್ಳಗೆ ಮಾಡಿದರು.

“ಅಗ್ಗಕ್ಕೆ ಕೊಟ್ಟವನೇ ಕಳ್ಳ ಅಂತ ತಾನೆ ಬಂದಿದ್ದು?”

“ಅಗ್ಗಕ್ಕೆ ಯಾಕೆ ಕೊಟ್ರಿ ಅಂತ ಕೇಳೋಕೆ ಬಂದಿದ್ದು.”

“ಕಂಪನಿಯವರು ತಪ್ಪಿ ಈ ಅಳತೆ ಕಳಿಸಿದ್ರು, ವಾಪಸ್ ತಗೊಳ್ಳಲ್ಲ ಅಂದ್ರು. ಊರಲ್ಲಿ ಇಂಥ ಕಾರು ಇರೋದೇ ಎರಡು. ಇಟ್ಕೊಂಡು ಪೂಜೆ ಮಾಡ್ಲಾ? ಇವಳ ಎದುರಿಗೇ ಉರುಳಿಸ್ಕೊಂಡು ಹೋಗಿ ಫಿಟ್ಟರ್‌ಗೆ ಒಪ್ಪಿಸಿದೀನಿ. ಕೇಳಿ ಬೇಕಾದ್ರೆ.”

“ಹೌದು ದೊಡ್ಡಪ್ಪ, ನಾನೂ ಜೊತೆಗಿದ್ದೆ.”

ಅಲ್ಲಿಗೆ ಒಬ್ಬರು ಕಳೆದರು. ಇಬ್ಬರು ಉಳಿದರು.

ಫಿಟ್ಟರನ ವರ್ಕ್‌ಶಾಪು ಕನ್ನಡಿಯಂತಿತ್ತು. ಯಾವ ಸ್ಪ್ಯಾನರ್ ಎಲ್ಲಿ ತೂಗಬೇಕೆಂದು ಗೋಡೆಯ ಮೇಲೆ ಅದರದರ ಆಕಾರ ಬರೆದಿಟ್ಟಿದ್ದ.

“ಕೊಟ್ಟಿದ್ದನ್ನೇ ಹಾಕಿದೀನಿ,” ಎಂದ, ಕೈ ಒರೆಸುತ್ತ. “ಐದೂವರೆಗೆ ಇವರಣ್ಣ ಬಂದು ಕಾರು ತಗೊಂಡ್ರು. ಆಮೇಲಿನದು ಅವರನ್ನೇ ಕೇಳಿ.”

“ಮನೆಗೆ ಎಷ್ಟೊತ್ತಿಗೆ ಬಂದ?” ದೊಡ್ಡಪ್ಪ ಅವಳತ್ತ ತಿರುಗಿದರು.

“ಏಳೂವರೆಗೆ.” ಹತ್ತು ನಿಮಿಷದ ದಾರಿ. ಪುಟ್ಟಿ ಟ್ಯಾಕ್ಸಿಯನ್ನು ಅಣ್ಣನ ಅಂಗಡಿಯತ್ತ ತಿರುಗಿಸಿದಳು.

ಅಣ್ಣ ಔಷಧಿ ಅಂಗಡಿಯ ಕೌಂಟರಿನ ಹಿಂದಿದ್ದ.

“ಎರಡು ಗಂಟೆ ಎಲ್ಲಿದ್ದೆಯಪ್ಪಾ ನಿನ್ನೆ?” ದೊಡ್ಡಪ್ಪ ಕೇಳಿದರು.

“ಇಲ್ಲೇ... ಸ್ವಲ್ಪ ಸುತ್ತಾಡ್ದೆ.”

“ಟೈರ್ ಬದಲಾಗಿದೆ ಕಣೋ. ಇವಳು ಬೆಳಗ್ಗೆ ಗೇಟಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ತು.”

ಕೌಂಟರ್ ದಾಟಿ ಬಂದವನು ತಂಗಿಯ ಕೈಕಾಲು ನೋಡಿದ. ಆಮೇಲೆ ತಲೆ ತಗ್ಗಿಸಿದ.

“ಆ ಟ್ರ್ಯಾಕ್ ಹತ್ರ ಹೋಗಿದ್ದೆ. ಬೇಲಿ ಹೊರಗೆ ನಿಂತು ನೋಡ್ದೆ. ಒಬ್ಬನ ಕಾರು ಬುಗುರಿ ಹಾಗೆ ತಿರುಗ್ತು. ಅವನು ನಗ್ತಾ ಇಳಿದ. ಇವನಿಗಿಂತ ನಮ್ ಪುಟ್ಟಿನೇ ಚೆನ್ನಾಗಿ ಓಡಿಸ್ತಾಳೆ ಅನ್ನಿಸ್ತು.”

“ಅದನ್ನ ನಂಗೆ ಹೇಳೋಕೇನು?”

“ಬೇಡ ಬೇಡ ಅಂತ ಕುಣಿದೋನು. ಯಾವ ಮುಖ ಇಟ್ಕೊಂಡು ಹೇಳ್ಲಿ?”

ನಂಬಬೇಕೆಂದು ಅವಳಿಗೆ ಆಸೆ. ದೊಡ್ಡಪ್ಪನ ಮುಖ ನೋಡಿದಳು. ಅವರು ಗಡಿಯಾರ ನೋಡುತ್ತಿದ್ದರು — ಹನ್ನೊಂದು ದಾಟಿತ್ತು.

“ಅಂಗಡಿ ಬಾಗಿಲು ಹಾಕು. ನೀನೂ ಬಾ.”

ಮೂವರೂ ವಾಪಸ್ ಬಂದಾಗ ಫಿಟ್ಟರ್ ಯಂತ್ರ ನಿಲ್ಲಿಸಿದ. ದೊಡ್ಡಪ್ಪ ಟವೆಲನ್ನು ಬೆಂಚಿನ ಮೇಲೆ ಹರಡಿದರು. ಪಾಲಿಶಿನ ಕಪ್ಪಿನ ನಡುವೆ ನಾಲ್ಕು ಹಳದಿ ಕಲೆ.

“ಪುಟ್ಟಿ, ಹೊಸ ಟೈರಲ್ಲಿ ಒಂದು ಕಡೆ ಕೂದಲೆಳೆಯಷ್ಟು ಹಗುರ ಇರುತ್ತೆ. ಅಲ್ಲಿ ಕಾರ್ಖಾನೇಲೇ ಹಳದಿ ಚುಕ್ಕಿ ಇಡ್ತಾರೆ. ಚಕ್ರದಲ್ಲಿ ವಾಲ್ವ್ ಇರೋ ಕಡೆ ಭಾರ. ಚುಕ್ಕಿ ವಾಲ್ವ್ ಎದುರಿಗೆ ಬಂದ್ರೆ ಎರಡೂ ಸಮ ಆಗುತ್ತೆ. ಆದ್ರೆ ಓಡಿದ ಟೈರಲ್ಲಿ ಆ ಚುಕ್ಕಿ ಒಂದು ಮಳೆಗಾಲ ಬಾಳಲ್ಲ. ನಿನ್ನ ಕಾರಲ್ಲಿರೋ ಮುದಿ ಟೈರುಗಳಿಗೆ ನಾಲ್ಕಕ್ಕೆ ನಾಲ್ಕೂ ಚುಕ್ಕಿ ಹೇಗೆ ಬಂತು? ಅದೂ ಒರೆಸಿದ್ರೆ ಕೈಗೆ ಅಂಟೋ ಹಸಿ ಬಣ್ಣ?”

“ಹೊಸದು ಅಂತ ತೋರಿಸೋಕೆ ಹಾಕಿರ್ಬೇಕು,” ಎಂದ ಅಣ್ಣ.

“ತೋರಿಸೋಕಾಗಿದ್ರೆ ಎಲ್ಲಾದ್ರೂ ಇಡ್ತಿದ್ರು. ಪುಟ್ಟಿ, ಬೆಳಗ್ಗೆ ನಿನ್ನ ಕಾರಿನ ಹಿಂದಿನ ಚಕ್ರ ತಿರುಗಿಸಿ ಬಿಟ್ಟೆ, ಮುಂದಿನದನ್ನೂ ಎತ್ತಿ ನೋಡ್ದೆ. ಒಂದು ಕಡೆ ಭಾರ ಇದ್ರೆ ಆ ಕಡೆ ಕೆಳಕ್ಕೆ ಬಂದು ನಿಲ್ಲುತ್ತೆ; ಇವು ಎಲ್ಲೂ ವಾಲಲಿಲ್ಲ. ಅಂದ್ರೆ, ಹಗುರ ಜಾಗವನ್ನ ನಿಜವಾಗ್ಲೂ ಹುಡುಕಿ ಗುರುತು ಹಾಕಿದಾರೆ. ನಿನ್ನಣ್ಣ ಇನ್ನೆಲ್ಲೋ ಹಾಕಿಸಿದ್ರೆ, ಕಳ್ಳ ಕೆಲಸಕ್ಕೆ ಇಷ್ಟು ತಾಳ್ಮೆ ಯಾರಿಗಿರುತ್ತೆ? ಗೋಡೆ ಮೇಲೆ ಸ್ಪ್ಯಾನರ್ ಚಿತ್ರ ಬರೆಯೋನಿಗೆ ಮಾತ್ರ.” ಅವರು ಫಿಟ್ಟರ್ ಕಡೆ ತಿರುಗಿದರು. “ನೀನೇ ಅಲ್ವೇನಯ್ಯಾ?”

ಫಿಟ್ಟರ್ ಸ್ಟೂಲ್ ಎಳೆದು ಕೂತ.

“ತೂಕ ನೋಡದೆ ಹಾಗೇ ಏರಿಸಿಬಿಡೋಣ ಅಂದ್ಕೊಂಡೆ,” ಎಂದ. “ಕೈ ಕೇಳಲಿಲ್ಲ. ಇನ್ನೊಂದು ಕಾರಿನ ಯಜಮಾನರು ಈ ಅಳತೆ ಬೇಕು ಅಂತ ವರ್ಷದಿಂದ ಜೀವ ತಿಂತಿದ್ರು. ಸಿಕ್ಕಿಬಿಡ್ತು ಅಂತ ಬಾಯಿ ಜಾರಿ ಹೇಳ್ಬಿಟ್ಟೆ. ಅವರ ಕಾರು ಶೆಡ್ಡಲ್ಲೇ ನಿಂತಿದೆ; ಬಿಚ್ಚಿ ನನ್ನ ಹತ್ರ ಬಿಟ್ಟಿದ್ದ ಅವರ ಹಳೇ ಟೈರು ನಿಮಗೆ ಹಾಕ್ದೆ. ಟ್ಯಾಕ್ಸಿ ಓಡಿಸೋರು, ನಿಧಾನಕ್ಕೆ ತಾನೆ ಹೋಗೋದು ಅಂದ್ಕೊಂಡೆ.”

“ನಾನು ಇವತ್ತು ನೀರಿನ ಮೇಲೆ ನೂರರ ವೇಗದಲ್ಲಿ ಬ್ರೇಕ್ ಒತ್ತಬೇಕಿತ್ತು,” ಎಂದಳು ಪುಟ್ಟಿ.

ಫಿಟ್ಟರ್ ಎದ್ದು ಹೋಗಿ, ಕಂಪ್ರೆಸರ್ ಹಿಂದಿನ ತಾಡಪಾಲು ಎಳೆದ. ನಾಲ್ಕೂ ಅಲ್ಲೇ ಇದ್ದವು. ಅವಕ್ಕಾಗಿ ಸಂಜೆ ಬರಬೇಕಿದ್ದ ಯಜಮಾನರಿಗೆ ತಾನೇ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಆಚೆಯ ಬೈಗುಳ ಎಲ್ಲರಿಗೂ ಕೇಳಿಸಿತು.

“ಕಾರು ತನ್ನಿ. ಹಾಕೋದು ನಾನೇ. ನಂಬಿಕೆ ಇಲ್ದಿದ್ರೆ ಪಕ್ಕದಲ್ಲೇ ನಿಂತ್ಕೊಳ್ಳಿ.”

“ನಿಂತೇ ನಿಂತ್ಕೋತೀನಿ,” ಎಂದರು ದೊಡ್ಡಪ್ಪ. “ನಂಬಿಕೆ ನಿಧಾನಕ್ಕೆ ಬರುತ್ತೆ ಬಿಡು. ಕೈ ಚೆನ್ನಾಗಿದೆ ನಿಂದು.”

ಅಣ್ಣನೇ ಕಾರನ್ನು ತೆವಳಿಸಿಕೊಂಡು ತಂದ. ಒಂದೂವರೆಗೆ ಕೊನೆಯ ನಟ್ಟು ಬಿಗಿಯಾಯಿತು. ಈ ಸಲ ಅಂಕಿಗಳು ಹೊರಮುಖಕ್ಕಿದ್ದವು. ಪುಟ್ಟಿ ಉಗುರು ಒತ್ತಿದಳು. ಗುರುತು ಮೂಡಿ, ಮೆಲ್ಲಗೆ ಮಾಯವಾಯಿತು.

ಅಣ್ಣ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡ.

“ನಾನೇ ಅಂದ್ಕೊಂಡಿದ್ಯಾ?”

“ಹೂಂ.”

“ಪಂಚರ್ ಮಾಡ್ತೀನಿ ಅಂತ ಬೀದಿಗೆಲ್ಲ ಕೇಳಿಸೋ ಹಾಗೆ ಕೂಗಿದ್ನಲ್ಲ. ಪೊಲೀಸರಾಗಿದ್ರೆ ಒದ್ದು ಒಳಗೆ ಹಾಕ್ತಿದ್ರು.”

ಅವಳಿಗೆ ನಗು ಬಂತು. ಬೆಳಗ್ಗೆಯಿಂದ ಅದೇ ಮೊದಲು. ಗೇರ್ ಹಾಕಿದಳು. ಅಣ್ಣ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಯಾವಾಗಿನಂತೆ ಶುರು ಮಾಡಿದ.

“ಪುಟ್ಟಿ, ಸ್ವಲ್ಪ ನಿಧಾನ —”

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡ. ಎದುರಿನ ರಸ್ತೆ ನೋಡಿದ.

“ನಡಿ. ನಿಂಗೆ ಗೊತ್ತು.”