ತೊಳೆದಿಟ್ಟ ಡಯಲ್

ಮಾರ್ಚ್ ಒಂಬತ್ತು, ಸೋಮವಾರ. ಬೆಳಗ್ಗೆ 10.20ಕ್ಕೆ ಹಲ್ಲಿನ ಡಾಕ್ಟರೊಬ್ಬರು ಠಾಣೆಗೆ ಬಂದು, ತಮ್ಮ ಕೈಗಡಿಯಾರವನ್ನು ಯಾರೋ ಕೊಂದುಹಾಕಿದ್ದಾರೆ ಎಂದು ದೂರು ಕೊಟ್ಟರು. ಕಳುವಾಗಿದೆಯೇ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರೆ ಇಲ್ಲವೆಂದರು. ಒಡೆದಿದೆಯೇ ಎಂದರೆ ಅದೂ ಇಲ್ಲ. ಗಡಿಯಾರ ಅವರ ಅಂಗೈಯಲ್ಲೇ ಇತ್ತು, ಓಡುತ್ತಲೂ ಇತ್ತು.

ಇನ್‌ಸ್ಪೆಕ್ಟರ್ ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಕೆಳಗೆ ಅಂಕಿಗಳಿರಲಿಲ್ಲ, ಕಂಪನಿಯ ಹೆಸರಿರಲಿಲ್ಲ. ಬರಿಯ ಹಿತ್ತಾಳೆ ತಗಡು, ಅದರ ಮೇಲೆ ಎರಡು ಮುಳ್ಳು.

ಡಾಕ್ಟರು ವಿವರಿಸಿದರು. ಎಪ್ಪತ್ತು ವರ್ಷದ ಹಿಂದಿನ ಗಡಿಯಾರ. ಕಪ್ಪು ಡಯಲ್, ಬೆಳ್ಳಿ ಬಣ್ಣದ ಅಕ್ಷರ, ಅಂಚಿನ ಸುತ್ತ ಕಪ್ಪು ಮಾಸಿ ಕಂದಾಗಿತ್ತು. ಆ ಮಾಸಲೇ ಅದರ ಬೆಲೆ. ಯಾರೂ ಬಣ್ಣ ಬಳಿಯದ, ಕಾರ್ಖಾನೆಯಿಂದ ಬಂದ ಹಾಗೇ ಉಳಿದ ಡಯಲ್; ಹಳೆಯ ಗಡಿಯಾರ ಕೂಡಿಡುವವರಲ್ಲಿ ಮೂಲಕ್ಕಿರುವ ಮರ್ಯಾದೆ ದುರಸ್ತಿಯಾದದ್ದಕ್ಕಿಲ್ಲ. ಬರುವ ಭಾನುವಾರ ಪರೀಕ್ಷಕರೊಬ್ಬರು ಬಂದು ನೋಡಿ ಪ್ರಮಾಣಪತ್ರ ಕೊಡುವವರಿದ್ದರು. ಅದಕ್ಕೆಂದೇ ಮೂರನೇ ತಾರೀಕು ಮಂಗಳವಾರ ಎಣ್ಣೆ ಹಾಕಿಸಲು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ಶನಿವಾರ ಸಂಜೆ ಡಬ್ಬಿ ಕೈಗೆ ಬಂತು, ಭಾನುವಾರ ತೆರೆದರು.

ಅವರು ಹೊರಗೆ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಮೀಸೆಯಲ್ಲೇ ನಕ್ಕರು. “ಊರಿಗೆಲ್ಲ ಹೊಸ ಹಲ್ಲು ಕಟ್ಟೋರು, ಗಡಿಯಾರಕ್ಕೆ ಮಾತ್ರ ಹಳೇದೇ ಇರ್ಬೇಕು ಅಂತಾರಲ್ಲ ಮೇಡಂ.”

ಇನ್‌ಸ್ಪೆಕ್ಟರ್ ನಗಲಿಲ್ಲ. ಬೇಕೆಂದೇ ಆಸ್ತಿಗೆ ಹಾನಿ ಮಾಡಿದ ಆರೋಪದಡಿ 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಅವರಿಗೆ ಮೊದಲಿನಿಂದಲೂ ಒಂದು ಸಂಗತಿ ಕಚ್ಚುತ್ತಿತ್ತು. ಹೊಟ್ಟೆಕಿಚ್ಚಿಗೆ ಹಾಳು ಮಾಡಿದವನು ಮುಳ್ಳುಗಳನ್ನು ಮತ್ತೆ ಇಷ್ಟು ನೇರವಾಗಿ ಕೂರಿಸುತ್ತಾನೆಯೇ? ಹಿಂಬದಿಯ ಮುಚ್ಚಳದ ಮೇಲೆ ಒಂದು ಗೀರೂ ಇರಲಿಲ್ಲ.

ಮಧ್ಯಾಹ್ನ 12.30ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಎರಡಾಳಗಲದ ಕೋಣೆ, ಒಂದು ಕೌಂಟರು, ಒಳಗೆ ಎರಡು ಮೇಜು. ರಿಪೇರಿಯವನಿಗೆ ಐವತ್ತೈದು ದಾಟಿರಬಹುದು, ಮೆತ್ತಗಿನ ಮನುಷ್ಯ. ಗುರುವಾರ ಎಣ್ಣೆ ಹಾಕಿ ಮುಚ್ಚಿದಾಗ ಡಯಲ್ ಸರಿಯಾಗೇ ಇತ್ತು, ಆಮೇಲೆ ಏನಾಯಿತೋ ಗೊತ್ತಿಲ್ಲ ಎಂದ.

“ಶುಕ್ರವಾರ ಅಂಗಡಿ ಬಿಟ್ಟು ಎಲ್ಲಾದ್ರೂ ಹೋಗಿದ್ರಾ?”

“ಇಲ್ಲ ಮೇಡಂ. ದಿನವೆಲ್ಲ ಇಲ್ಲೇ ಇದ್ದೆ.”

“ಬೇರೆ ಯಾರು ಕೆಲಸಕ್ಕೆ ಬರ್ತಾರೆ?”

“ಯಾರೂ ಇಲ್ಲ. ನಾನೊಬ್ನೇ.”

“ಮತ್ತೆ ಆ ಮೇಜು?”

“ಅಣ್ಣಂದು. ತೀರ್ಕೊಂಡು ಆರು ವರ್ಷ ಆಯ್ತು.”

ಇನ್‌ಸ್ಪೆಕ್ಟರ್ ಎರಡನೇ ಮೇಜಿನ ಮೇಲಿನ ಬಟ್ಟೆ ಎತ್ತಿದರು. ಆರು ವರ್ಷದ ಧೂಳಿರಬೇಕಿದ್ದ ಕಡೆ ಮರ ಹೊಳೆಯುತ್ತಿತ್ತು. ಅವರು ಬಟ್ಟೆಯನ್ನು ಮೊದಲಿನಂತೆ ಹೊದಿಸಿದರು.

ಎದುರಿನ ಔಷಧದ ಅಂಗಡಿಯ ಕ್ಯಾಮೆರಾ ರಸ್ತೆಗೆ ಮುಖ ಮಾಡಿತ್ತು. ಹೆಡ್ ಕಾನ್‌ಸ್ಟೇಬಲ್ ಮಂಗಳವಾರವಿಡೀ ಕೂತು ಅದನ್ನು ನೋಡಿದರು. ಶುಕ್ರವಾರ 11.15ಕ್ಕೆ ರಿಪೇರಿಯವನು ಚೀಲ ಹಿಡಿದು ಹೊರಟ, ಮರಳಿದ್ದು 1.50ಕ್ಕೆ. ಅಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು, ಒಳಗೆ ದೀಪವಿತ್ತು. ಹೊರಗಿದ್ದೆ ಎಂದಿದ್ದರೆ ತನ್ನ ಮೇಲಿನ ಅನುಮಾನವೇ ತಪ್ಪುತ್ತಿತ್ತು; ಅಂಗಡಿಯಲ್ಲೇ ಇದ್ದೆ ಎಂದು ಅವನೇಕೆ ಸುಳ್ಳು ಹೇಳಿದ? ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಳ್ಳುವವನು ಯಾರನ್ನೋ ಮರೆಮಾಡುತ್ತಿರಬೇಕು.

ಬುಧವಾರ ಬೆಳಗ್ಗೆ ಪ್ರಯೋಗಾಲಯದ ವರದಿ ಬಂತು. ಹಿತ್ತಾಳೆಯ ಮೇಲೆ ಮರಳು ಕಾಗದದಿಂದ ಉಜ್ಜಿದ ಹಳೆಯ ಸಣ್ಣ ಗೀರುಗಳಿದ್ದವು. ಆ ಗೀರುಗಳ ಒಳಗೆ ಕಪ್ಪು ಬಣ್ಣದ ಕಣಗಳು. ಎಂದರೆ, ಮೊದಲ ಬಣ್ಣವನ್ನು ಎಂದೋ ಉಜ್ಜಿ ತೆಗೆದಿದ್ದರು. ಈಗ ಅಳಿಸಿದ್ದು ಅದರ ಮೇಲೆ ಬಳಿದ ಎರಡನೆಯದು. ಡಾಕ್ಟರು ಎದೆಗೊತ್ತಿಕೊಂಡು ಕಾಪಾಡಿದ್ದ ಮೂಲ, ಮೂಲವಾಗಿರಲೇ ಇಲ್ಲ.

ಅನುಮಾನ ಈಗ ದೂರು ಕೊಟ್ಟವರ ಕಡೆಗೇ ತಿರುಗಿತು. ಜನವರಿಯಲ್ಲಷ್ಟೇ ಅವರು ಗಡಿಯಾರಕ್ಕೆ ವಿಮೆ ಮಾಡಿಸಿದ್ದರು. ಪರೀಕ್ಷಕರ ಕಣ್ಣಿಗೆ ಗುಟ್ಟು ಬಿದ್ದೀತೆಂದು ತಾವೇ ಅಳಿಸಿದರೇ? ಮಧ್ಯಾಹ್ನ ಮೂರಕ್ಕೆ ಅವರನ್ನು ಕರೆಸಿ ಇನ್‌ಸ್ಪೆಕ್ಟರ್ ವರದಿಯನ್ನು ಓದಿ ಹೇಳಿದರು. ಡಾಕ್ಟರ ಮುಖದ ಬಣ್ಣವೇ ಇಳಿದುಹೋಯಿತು. ಒಂಬತ್ತು ವರ್ಷದಿಂದ ದಿನಾ ನೋಡಿದ್ದೇನೆ, ಸಾಧ್ಯವಿಲ್ಲ ಎಂದರು. ಪರೀಕ್ಷಕರನ್ನು ಕಾಗದ ಬರೆದು ಕರೆಸಿದ್ದೂ ಅವರೇ ಎಂದು ತಿಳಿಯಿತು. ಗುಟ್ಟು ಗೊತ್ತಿದ್ದವನು ಹಾವಿನ ಹುತ್ತಕ್ಕೆ ತಾನಾಗಿ ಕೈಹಾಕುವುದಿಲ್ಲ.

“ಅಂಗಡೀಲಿ ಗಡಿಯಾರ ಇಸ್ಕೊಂಡೋರು ಯಾರು?”

“ರಿಪೇರಿಯವನ ಅತ್ತಿಗೆ. ಮುಂದೆ ಕೂತಿರ್ತಾರಲ್ಲ, ಕಣ್ಣು ಮಂಜಾಗಿರೋ ಅಮ್ಮ.”

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

“ಅವರ ಜೊತೆ ಏನಾದ್ರೂ ಮಾತಾಯ್ತಾ?”

ಡಾಕ್ಟರು ನೆನಪಿಸಿಕೊಳ್ಳಬೇಕಾಯಿತು. ಎಂದಿನಂತೆ ನಾಲ್ಕು ಮಾತಾಡಿದ್ದರಂತೆ. ಈ ಅಕ್ಷರ ನೋಡಿ, ಇಂಥ ಕೈ ಇವತ್ತು ಯಾರಿಗಿದೆ, ಮತ್ತೆ ಬಣ್ಣ ಬಳಿಯುವವರು ಹೆಣಕ್ಕೆ ಪೌಡರ್ ಹಚ್ಚುವವರು ಎಂದಿದ್ದರಂತೆ. ಆ ಹೆಂಗಸು ಡಯಲನ್ನು ಕಣ್ಣ ಹತ್ತಿರ ಹಿಡಿದು, ಇದನ್ನು ಬರೆದವಳು ನಾನು ಎಂದಳಂತೆ.

“ನೀವೇನಂದ್ರಿ?”

“ನಕ್ಕೆ. ಅಮ್ಮ, ಗಂಟೆ ಎಷ್ಟು ಅಂತ ಹೇಳಿ ನೋಡೋಣ ಅಂದೆ. ತಮಾಷೆಗೆ.”

“ದೂರಿನಲ್ಲಿ ಇದನ್ನ ಬರೆಸ್ಲಿಲ್ಲ.”

“ಅದೂ ಒಂದು ವಿಷಯ ಅಂತ ಅನ್ನಿಸ್ಲಿಲ್ಲ.”

ಗುರುವಾರ ಸಂಜೆ 4.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬರನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಇನ್‌ಸ್ಪೆಕ್ಟರ್ ಅಂಗಡಿಯ ಹಿಂದಿನ ಬೀದಿಯ ಮನೆಗೆ ಹೋದರು. ಬಾಗಿಲು ತೆರೆದ ರಿಪೇರಿಯವನು ತಡವರಿಸದೆ, ಮಾಡಿದ್ದು ನಾನೇ, ನನ್ನನ್ನು ಕರೆದುಕೊಂಡು ಹೋಗಿ ಎಂದ. ಒಳಗಿನಿಂದ ಅವನ ಅತ್ತಿಗೆ ಬಂದಳು. ಅರವತ್ತೆಂಟರ ಹೆಂಗಸು, ಗೋಡೆ ಮುಟ್ಟಿಕೊಂಡು ನಡೆಯುತ್ತಿದ್ದರೂ ಬೆನ್ನು ನೆಟ್ಟಗಿತ್ತು. ಮೈದುನನನ್ನು ಪಕ್ಕಕ್ಕೆ ಸರಿಸಿದಳು.

“ಅವನು ಪಾಪದೋನು. ಮಾಡಿದ್ದು ನಾನು ಅಂತ ಗೊತ್ತಾದಾಗ ಅತ್ತುಬಿಟ್ಟ. ಬನ್ನಿ, ಕೂತ್ಕೊಳಿ.”

ಅವಳು ತಾನಾಗಿಯೇ ಒಂದು ಸಣ್ಣ ತಗಡಿನ ಡಬ್ಬಿ ತಂದಿಟ್ಟಳು. ಒಳಗೆ ಕಪ್ಪು ಅಂಟಿದ ಹತ್ತಿಯ ಉಂಡೆಗಳಿದ್ದವು. ಪಂಚರ ಎದುರು ಅದನ್ನು ವಶಕ್ಕೆ ತೆಗೆದುಕೊಂಡರು.

“ಕಣ್ಣು ಕಾಣಲ್ಲ ಅಂತೀರಿ. ಮುಳ್ಳು ಹೇಗೆ ತೆಗೆದ್ರಿ?”

“ಅದಕ್ಕೆ ಕಣ್ಣು ಬೇಡಮ್ಮ. ಬೆರಳಿಗೆ ಗೊತ್ತು.”

ಅವಳ ಹೇಳಿಕೆ ಎರಡು ಪುಟವಾಯಿತು. ಮೂವತ್ತೊಂದು ವರ್ಷದ ಹಿಂದೆ, ನೀರು ನುಗ್ಗಿದ ಯಾರದೋ ಮನೆಯಿಂದ ಆ ಗಡಿಯಾರ ಅಂಗಡಿಗೆ ಬಂದಿತ್ತು, ಡಯಲ್ ಕೊಳೆತಿತ್ತು. ಉಜ್ಜಿ, ಕಪ್ಪು ಬಳಿದು, ಮೂರೆಳೆ ಕೂದಲಿನ ಕುಂಚದಲ್ಲಿ ಐದು ದಿನ ಕೂತು ಬರೆದಿದ್ದಳು. ಬಣ್ಣ ಬಳಿಸಿದ್ದೆಂದು ಹೇಳಿಯೇ ಗಂಡ ಅದನ್ನು ಮಾರಿದ್ದ. ಕೈಯಿಂದ ಕೈಗೆ ದಾಟುತ್ತಾ ಎಲ್ಲಿ ಆ ಮಾತು ಉದುರಿಹೋಯಿತೋ, ಎಲ್ಲಿ ಅದು ಮೂಲವಾಯಿತೋ ಅವಳಿಗೆ ತಿಳಿಯದು. ಹಿಂದೆ ಗಂಡನ ಪಕ್ಕ ಕೂತು ಬರೆಯುತ್ತಿದ್ದ ಆ ಮೇಜನ್ನು ಕಣ್ಣು ಹೋದ ಮೇಲೂ ದಿನಾ ಒರೆಸುತ್ತಿದ್ದಳು.

“ಅವರಿಗೆ ನಷ್ಟ ಮಾಡ್ಬೇಕು ಅಂತಾನಾ?”

“ಅವರ ಹಿತ್ತಾಳೆ ಅವರ ಹತ್ರಾನೇ ಇದೆಯಲ್ಲ. ನಾನು ಬರೆದಿದ್ದನ್ನ ಮಾತ್ರ ತೊಳ್ದೆ.”

“ಇನ್ನೊಂದ್ಸಲ ಬಿಡಿಸಿ ಹೇಳಬಹುದಿತ್ತು.”

“ಎಷ್ಟು ಸಲ ಹೇಳ್ಬೇಕಮ್ಮ?”

4.55ಕ್ಕೆ ದಸ್ತಗಿರಿ ಪತ್ರಕ್ಕೆ ಸಹಿ ಮಾಡಿದಳು. ಜಾಮೀನು ಸಿಗುವ ಅಪರಾಧ. ಮೈದುನ ಠಾಣೆಯ ಬೆಂಚಿನ ಮೇಲೆ ಜಾಮೀನಿನ ಕಾಗದ ಹಿಡಿದು ಕೂತಿದ್ದ. ಸುದ್ದಿ ತಿಳಿದು ಬಂದ ಡಾಕ್ಟರು ದನಿ ತಗ್ಗಿಸಿ, ಅದು ಮತ್ತೆ ಬಣ್ಣ ಬಳಿದ ಡಯಲ್ ಎಂದು ಚಾರ್ಜ್‌ಶೀಟಿನಲ್ಲಿ ಬರೆಯಲೇಬೇಕೇ ಎಂದು ಕೇಳಿದರು. ಬರೆಯಲೇಬೇಕು ಎಂದರು ಇನ್‌ಸ್ಪೆಕ್ಟರ್. ಡಾಕ್ಟರ ಹತ್ತಿರ ಇನ್ನೂ ಹದಿನಾರು ಗಡಿಯಾರಗಳಿದ್ದವು. ಅವುಗಳಲ್ಲಿ ಇವಳು ಬರೆದದ್ದು ಎಷ್ಟು ಎಂದು ಇನ್‌ಸ್ಪೆಕ್ಟರ್ ಮೂಲಕ ಕೇಳಿಸಿದರು. ಅವಳು ಮೈದುನನ ಭುಜ ಹಿಡಿದು, ಮನೆಗೆ ನಡಿ ಎಂದಳು.

ಅಪರಾಧದ ಉದ್ದೇಶ ಎಂಬ ಕಡೆ ಹೆಡ್ ಕಾನ್‌ಸ್ಟೇಬಲ್ ದ್ವೇಷ ಎಂದು ಬರೆದಿದ್ದರು. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ ಅವಳ ಹೇಳಿಕೆಯ ಎರಡು ಪುಟಗಳನ್ನು ಮತ್ತೆ ಓದಿದರು. ಕೆಲಸ ಮಾಡಿದ್ದೇ ಗೊತ್ತಾಗಬಾರದು, ಅದೇ ಒಳ್ಳೆಯ ಕೆಲಸ ಎಂದು ಗಂಡ ಕಲಿಸಿದ್ದನ್ನು ಆ ಹೆಂಗಸು ಇಡೀ ಆಯುಷ್ಯ ಪಾಲಿಸಿದ್ದಳು. ಇದು ನನ್ನದು ಎಂದು ಬಾಯಿಬಿಟ್ಟು ಹೇಳಿಕೊಂಡದ್ದು ಡಾಕ್ಟರು ಗಡಿಯಾರ ಕೊಟ್ಟ ಆ ಮಂಗಳವಾರ ಒಂದೇ ಸಲ.