ಕೂರಲಾಗದ ಕುರ್ಚಿ

“ಇದೇನು ಮನೆಯಾ, ಲೈಟಿನ ಅಂಗಡಿಯಾ?” ನಾಟಕದ ಮಿಸ್ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

ಸ್ಟೇಜ್ ತುಂಬ ಬಂಗಾರದ ಬಣ್ಣದ ಕಾಗದ. ಥರ್ಮಾಕೋಲ್ ಕಂಬಗಳು, ಮಿಣಮಿಣ ತೂಗುದೀಪ, ನಡುವೆ ಕೆಂಪು ಬಟ್ಟೆ ಹೊದಿಸಿದ ದೊಡ್ಡ ಕುರ್ಚಿ. ಎಲ್ಲವನ್ನೂ ಮಾಡಿದವಳು ಗೋಂದು. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದರಿಂದ ಐದನೇ ಕ್ಲಾಸಿನಲ್ಲಿ ಅವಳಿಗೆ ಅದೇ ಹೆಸರು.

“ಜಿಪುಣ ಸಾಹುಕಾರನ ಮನೆ, ಮಿಸ್.”

“ಸಾಹುಕಾರ ಅನ್ನೋದು ಕಾಣುತ್ತೆ. ಎಂಥ ಮನುಷ್ಯ ಅನ್ನೋದು ಕಾಣ್ತಿಲ್ವಲ್ಲ? ಸೋಮವಾರದೊಳಗೆ ಸರಿಮಾಡು. ಇಲ್ದಿದ್ರೆ ಇದನ್ನೆಲ್ಲ ತೆಗೆಸಿ ಖಾಲಿ ಸ್ಟೇಜ್ ಮೇಲೇ ನಾಟಕ ಮಾಡ್ಸ್ತೀನಿ.”

ಸಾಹುಕಾರನ ಪಾರ್ಟು ಸಿಕ್ಕಿದ್ದ ಹುಡುಗನನ್ನು ಎಲ್ಲರೂ ಮೈಕು ಎನ್ನುತ್ತಿದ್ದರು. ಅವನು ಹಲ್ಲು ಕಿರಿದ. “ನನಗೆ ಸೆಟ್ಟೇ ಬೇಡ ಮಿಸ್, ಗಂಟಲೊಂದಿದ್ರೆ ಸಾಕು!”

ಗೋಂದುವಿನ ಮುಖ ಊದಿಕೊಂಡಿತು.

ಮರುದಿನ ಭಾನುವಾರ. ಗೋಂದುವಿನ ಅಮ್ಮ ಪರದೆ ಹೊಲಿಯುವವಳು. ದೊಡ್ಡ ಮನೆಯೊಂದಕ್ಕೆ ಪರದೆ ಹಾಕಲು ಹೊರಟಾಗ ಗೋಂದುವೂ ಕೊಕ್ಕೆಗಳ ಡಬ್ಬಿ ಹಿಡಿದು ಜೊತೆಗೆ ಹೋದಳು.

ಒಳಗೆ ಕಾಲಿಟ್ಟವಳಿಗೆ ಬಾಯಿ ಮುಚ್ಚುವುದೇ ಮರೆತುಹೋಯಿತು. ಥೇಟ್ ಅವಳ ಸೆಟ್ಟು! ಕಂಬಗಳು ಮಾತ್ರ ಕಲ್ಲಿನವು. ಆದರೆ ಸೋಫಾಕ್ಕೆ ಪ್ಲಾಸ್ಟಿಕ್ ಕವರು. ತೂಗುದೀಪಕ್ಕೆ ಬಟ್ಟೆಯ ಚೀಲ. ಕಾರ್ಪೆಟ್ಟಿನ ಮೇಲೆ ಹಳೇ ಪೇಪರು. ಮನೆಯ ಯಜಮಾನರು ಮೂಲೆಯಲ್ಲಿ ಪುಟ್ಟ ಸ್ಟೂಲಿನ ಮೇಲೆ ಮುದುಡಿ ಕೂತು ಟೀ ಕುಡಿಯುತ್ತಿದ್ದರು.

“ಅಂಕಲ್, ನೀವ್ಯಾಕೆ ಸೋಫಾ ಮೇಲೆ ಕೂತಿಲ್ಲ?”

“ಸುಮ್ನಿರೇ!” ಏಣಿಯ ಮೇಲಿಂದ ಅಮ್ಮ ಗದರಿದಳು.

“ಕೂತ್ರೆ ಗುಳಿ ಬೀಳುತ್ತಮ್ಮ,” ಎಂದರು ಅವರು. “ಅದು ಮನೆಗೆ ಬಂದೋರಿಗೆ.”

“ಬಂದೋರು ಕೂತ್ರೆ ಗುಳಿ ಬೀಳಲ್ವಾ?”

“ಬೀಳುತ್ತೆ! ಅದಕ್ಕೇ ನಾನು ಯಾರನ್ನೂ ಕರೆಯಲ್ಲ.”

ತಮ್ಮ ಮಾತು ತಮಗೇ ವಿಚಿತ್ರವಾಗಿ ಕೇಳಿಸಿತೇನೋ, ಅವರು ಲೋಟವನ್ನು ಕೆಳಗಿಟ್ಟರು. ಆಮೇಲೆ ಎದ್ದು ಬಂದು ಅಮ್ಮನ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೊನೆಯ ಕೊಕ್ಕೆ ಸಿಕ್ಕಿಸುವವರೆಗೂ ಬಿಡಲಿಲ್ಲ.

“ಅಮ್ಮಾ, ಅವರು ಜಿಪುಣರಾ?” ವಾಪಸ್ ಬರುವಾಗ ಗೋಂದು ಕೇಳಿದಳು.

“ಇರಬಹುದು. ಆದ್ರೆ ಏಣಿ ಹಿಡ್ಕೊಂಡ್ರು ನೋಡು.”



ಸೋಮವಾರ ಅವಳು ಸೆಟ್ಟಿನಿಂದ ಏನನ್ನೂ ತೆಗೆಯಲಿಲ್ಲ. ದೊಡ್ಡ ಕುರ್ಚಿಗೆ ಪ್ಲಾಸ್ಟಿಕ್ ಸುತ್ತಿದಳು. ದೀಪಕ್ಕೆ ಚೀಲ ತೊಡಿಸಿದಳು. ಮೂಲೆಯಲ್ಲಿ ಒಂದು ಸ್ಟೂಲು ಇಟ್ಟಳು.

ರಿಹರ್ಸಲ್ ಶುರುವಾಯಿತು. ಅಬ್ಬರಿಸುತ್ತ ನುಗ್ಗಿದ ಮೈಕು ಕುರ್ಚಿಯ ಹತ್ತಿರ ತಬ್ಬಿಬ್ಬಾಗಿ ನಿಂತ.

“ಎಲ್ಲಿ ಕೂತ್ಕೊಳ್ಳೋದೇ?”

ಗೋಂದು ಪರದೆಯ ಮರೆಯಿಂದಲೇ ಸ್ಟೂಲು ತೋರಿಸಿದಳು.

ಮೈಕು ಮೊಣಕಾಲು ಗದ್ದಕ್ಕೆ ತಗುಲುವಂತೆ ಕೂತ. “ನನ್ನ ಹತ್ರ ಎಲ್ಲಾ ಇದೆ!” ಕಿರುಚಬೇಕಿದ್ದ ಮಾತು ಮೆಲ್ಲಗೆ ಹೊರಬಂತು. ಮುಂದೆ ಕೂತಿದ್ದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಯಾರೂ ಹೇಳದೆಯೇ, ನಗು ನಿಂತಿತು.

“ಪಾಪ,” ಎಂದಳೊಬ್ಬ ಪುಟ್ಟ ಹುಡುಗಿ.

ಮಿಸ್ ಸ್ಟೇಜಿನ ಹತ್ತಿರ ಬಂದರು. “ಸೆಟ್ ಹೀಗೇ ಇರಲಿ. ಯಾರೂ ಏನನ್ನೂ ಮುಟ್ಬೇಡಿ.”

ಗೋಂದು ಮಾತು ಕೇಳಲಿಲ್ಲ. ಒಳಗೆ ಓಡಿ ಇನ್ನೊಂದು ಸ್ಟೂಲು ತಂದು ಮೈಕುವಿನ ಪಕ್ಕದಲ್ಲಿಟ್ಟಳು.

“ಇದ್ಯಾರಿಗೆ?” ಮೈಕು ಪಿಸುಗುಟ್ಟಿದ.

“ಯಾರಾದ್ರೂ ಬಂದ್ರೆ?” ಎಂದಳು ಗೋಂದು.