ತಾರೀಖಿಲ್ಲದ ತೊಟ್ಟಿಲು

೨೦೨೪ನೆಯ ಇಸವಿ ಜುಲೈ ೬, ಶನಿವಾರ. ತೊಟ್ಟಿಲು ಮೂವತ್ತೇಳು ಸಲ ತೂಗಿ ನಿಂತಿತು.

ಕಲಘಟಗಿಯ ತೊಟ್ಟಿಲ ಅಂಗಡಿಯ ಬಾಗಿಲಲ್ಲಿ ನಿಂತು ರೋಹಿಣಿ ಅದನ್ನು ಎಣಿಸಿದ್ದಳು. ಬೇಕೆಂದು ಎಣಿಸಿದ್ದಲ್ಲ. ದೇವಿಕೊಪ್ಪದ ಪ್ರೌಢಶಾಲೆಯಲ್ಲಿ ಆರು ವರ್ಷ ಗಣಿತ ಕಲಿಸಿದವಳಿಗೆ ಅದು ಉಸಿರಾಟದಂತೆ. ಎಣಿಕೆ ಮುಗಿದ ಮೇಲೆ ಸಿಟ್ಟು ಬಂತು.

"ಖಾಲಿ ತೊಟ್ಟಿಲ ತೂಗಬಾರದಂತ ನಿಮ್ಮ ಮನ್ಯಾಗ ಯಾರೂ ಹೇಳಿಲ್ಲೇನ್ರಿ?"

ತೊಟ್ಟಿಲು ಮಾಡುವ ಫಕೀರೇಶ ತಲೆ ಎತ್ತಿದ. ಬೆರಳುಗಳಿಗೆ ಕೆಂಪು ಅರಗು ಹತ್ತಿತ್ತು. "ಒಳಗ ನೋಡ್ರಿ, ಅಕ್ಕೋರ."

ಒಳಗೆ ಒಂದು ಗುಂಡುಕಲ್ಲು ಮಲಗಿತ್ತು.

"ಮೂರು ಕಿಲೋ. ಹುಟ್ಟಿದ ಕೂಸಿನ ತೂಕ. ಅಳೂದಿಲ್ಲ, ಅಷ್ಟ ಫರಕ."

ಒಮ್ಮೆ ದೂಡಿದರೆ ಮೂವತ್ತು ಸಲವಾದರೂ ತೂಗಬೇಕು, ಅದಕ್ಕೂ ಮೊದಲೇ ನಿಂತರೆ ಸಮತೂಕ ತಪ್ಪಿದೆ ಎಂದು ತಿಳಿಯಬೇಕು ಎಂದು ಅವನು ವಿವರಿಸಿದ. ರೋಹಿಣಿಗೆ ನಗು ಬಂತು, ತಡೆದುಕೊಂಡಳು.

ತಂಗಿ ಸುನಿತಾಳ ಹೆರಿಗೆ ನವೆಂಬರಿನಲ್ಲಿತ್ತು. ಚೊಚ್ಚಲು ಮಗುವಿಗೆ ತವರಿನ ತೊಟ್ಟಿಲು ಬೇಕು. ಕೆಲಸ ಒಪ್ಪಿಕೊಂಡ ಫಕೀರೇಶ, ಎಂದು ಕೊಡುವಿರಿ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಮಗು ಬಂದ ಮೇಲೆ ತೊಟ್ಟಿಲು ಬರುತ್ತದೆ, ತಾರೀಖು ಯಾರಿಗೂ ಹೇಳುವ ರೂಢಿಯಿಲ್ಲ ಎಂದ.

ತಾರೀಖಿಲ್ಲದೆ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ...?

ರೋಹಿಣಿಯ ಬಳಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಅತಿಥಿ ಶಿಕ್ಷಕಿಯಾದ ತನಗೆ ೨೦೨೬ಕ್ಕೆ ಕಾಯಂ ನೌಕರಿ, ೨೦೨೯ಕ್ಕೆ ಎರಡು ಕೋಣೆಯ ಮನೆ, ೨೦೩೪ಕ್ಕೆ ಮುಖ್ಯೋಪಾಧ್ಯಾಯಿನಿ ಎಂದು ಅದರಲ್ಲಿ ಬರೆದಿದ್ದಳು. ಮದುವೆಯನ್ನು ಮಾತ್ರ ಪೆನ್ಸಿಲಿನಲ್ಲಿ.

ಕೆಲಸ ನೋಡುವ ನೆಪದಲ್ಲಿ ಶನಿವಾರ ಶನಿವಾರ ಬಂದಳು. ನೆಪ ಮೂರು ವಾರಕ್ಕೆ ಸವೆಯಿತು, ಬರುವುದು ನಿಲ್ಲಲಿಲ್ಲ. ಮುಂಡಗೋಡದ ಟಿಬೆಟಿಯನ್ ಮಠದ ಬಾಗಿಲುಗಳಿಗೆ ಎರಡು ವರ್ಷ ಬಣ್ಣ ಹಚ್ಚಿದ್ದನ್ನು ಫಕೀರೇಶ ಹೇಳಿದ. ಕೆಲಸ ಯಾವಾಗ ಮುಗಿಯುತ್ತದೋ ಎಂದು ಚಡಪಡಿಸಿದಾಗಲೆಲ್ಲ ಅಲ್ಲಿನ ಒಬ್ಬ ಮುದಿ ಲಾಮಾ ಕೇಳುತ್ತಿದ್ದುದು ಒಂದೇ: ಈಗ ಕೈಯಲ್ಲಿ ಏನಿದೆ?

"ಅರಗು ಬಿಸಿ ಇದ್ದಾಗನ ಹತ್ತಬೇಕ್ರಿ. ನಾಳಿ ಹಚ್ಚತೀನಿ ಅಂದ್ರ ಅದು ಕೇಳೂದಿಲ್ಲ," ಎಂದ. "ನೀವೂ ಒಂದು ದಿನ ಏನೂ ಎಣಸದ ಕುಂದರ್ರಿ. ಅವತ್ತ ನಾ ತಾರೀಖು ಹೇಳತೀನಿ."

ಅವಳು ಒಪ್ಪಿದಳು. ಅಂದೇ, ಅವನು ಅರಗು ಒತ್ತಿದ್ದನ್ನು ನೂರಾ ಹನ್ನೆರಡರವರೆಗೆ ಎಣಿಸಿದ್ದು ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು.

ಹದಿನಾರನೆಯ ಶನಿವಾರ, ಅಕ್ಟೋಬರ್ ೧೯ರಂದು, ಅವಳು ಕುಳಿತುಕೊಳ್ಳಲೇ ಇಲ್ಲ. ಶಲವಡಿಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ನವೆಂಬರ್ ಮುಗಿಯುವುದರೊಳಗೆ ಆ ಮನೆಯವರಿಗೆ ಅವ್ವ ಗುರವ್ವ ಮಾತು ಕೊಡಬೇಕಿತ್ತು.

"ನಮ್ಮವ್ವನ ಹತ್ರ ಯಾವಾಗ ಬರ್ತೀರಿ?"

ಫಕೀರೇಶನ ಕೈ ನಿಂತಿತು.

"ಈಗ ಇಬ್ರೂ ಇಲ್ಲೇ ಇದ್ದೀವಿ. ಇಷ್ಟ ಸಾಲದೇನ್ರಿ?"

"ನನಗ ಸಾಲೂದಿಲ್ಲ."

ಬೇಡವೆಂದು ಹೇಳಲು ಬುದ್ಧನ ಮಾತು ಬೇಕಾಯಿತೇ ಇವನಿಗೆ... ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಆಮೇಲೆ ಐದು ಶನಿವಾರ ಹೋಗಲಿಲ್ಲ. ಪಾಠದ ನಡುವೆ ಮಾತು ತಪ್ಪುತ್ತಿತ್ತು. ಅಡಿಗೆಮನೆಗೆ ಹೋಗಿ ಏಕೆ ಬಂದೆನೆಂದು ಮರೆಯುತ್ತಿದ್ದಳು. ಒಂದು ಸಂಜೆ ನೀಲಿ ಪುಸ್ತಕ ತೆರೆದಳು. ಮುಂದಿನ ಹತ್ತು ವರ್ಷ ಅಲ್ಲಿ ಸಾಲು ಸಾಲಾಗಿ ನಿಂತಿತ್ತು. ಆ ಹದಿನಾರು ಶನಿವಾರಗಳಿಗೆ ಒಂದು ಗೆರೆಯೂ ಇರಲಿಲ್ಲ.

ನವೆಂಬರ್ ೧೨ಕ್ಕೆ ಸುನಿತಾ ಹೆಣ್ಣು ಹೆತ್ತಳು. ಹದಿಮೂರನೆಯ ದಿನ, ಐತವಾರ ಬೆಳಿಗ್ಗೆ, ದೇವಿಕೊಪ್ಪದ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಫಕೀರೇಶ ತಾನೇ ತೊಟ್ಟಿಲು ಇಳಿಸಿ ಜಂತಿಗೆ ಕಟ್ಟಿದ. ಹೆಂಗಸರು ಒಳಗೆ ಮಗುವಿಗೆ ನೀರೆರೆಯುತ್ತಿದ್ದರು. ಪಡಸಾಲೆಯಲ್ಲಿ ಇದ್ದವರು ಇಬ್ಬರೇ.

"ನಾ ಬ್ಯಾಡ ಅನ್ನಲಿಲ್ರಿ," ಎಂದ ಅವನು, ಹಗ್ಗದ ಗಂಟು ನೋಡುತ್ತ. "ಏಳು ವರ್ಷದ ಹಿಂದ ಮೊರಬದಾಗ ಒಂದು ಮನಿಗೆ ತಾರೀಖು ಹೇಳಿದ್ದೆ. ಹೇಳಿದ ದಿನಾನ ತೊಟ್ಟಿಲ ಒಯ್ದೆ. ನಾ ದಿನ ತಪ್ಪಲಿಲ್ಲ. ಕೂಸ ಇರಲಿಲ್ಲ."

ರೋಹಿಣಿ ಮೆಲ್ಲಗೆ ತೂಗುತ್ತಿದ್ದ ಖಾಲಿ ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು.

"ಅವತ್ತಿಂದ ನಾಳಿ ಅಂದ್ರ ಅಂಜಿಕಿ. ಲಾಮಾ ಹೇಳಿದ್ದು ಖರೇನ. ನಾ ಅದನ್ನ ಅಂಜಿಕಿ ಮುಚ್ಚಾಕ ಹೊದಿಸಿದ್ದೆ. ಐದು ಶನಿವಾರ ಎರಡು ಕಪ್ ಚಾ ತರಿಸಿ ಹಾದಿ ನೋಡೀನಿ. ಹಾದಿ ನೋಡೂದಂದ್ರ ನಾಳಿ ಬೇಕು ಅಂತನ ಅಲ್ಲೇನ್ರಿ, ಅಕ್ಕೋರ?"

"ಅಕ್ಕೋರ ಅಂತ ಕರಕೋತ ನಮ್ಮವ್ವನ ಹತ್ರ ಹೆಣ್ಣು ಕೇಳ್ತೀರೇನು?"

ಅವನು ಅಂದು ಮೊದಲ ಬಾರಿಗೆ ಅವಳ ಮುಖ ನೋಡಿದ.

"ರೋಹಿಣಿ. ಡಿಸೆಂಬರ್ ಒಂದು, ಐತವಾರ, ಹನ್ನೊಂದು ಗಂಟೆಕ್ಕ."

"ತಿಂಗಳ ಮುಗದ ಮ್ಯಾಲೇ? ಅಷ್ಟರಾಗ ಅವ್ವ ಶಲವಡಿಯವರಿಗೆ ಮಾತು ಕೊಟ್ಟಿರತಾಳ."

"ತಪ್ಪಾತು. ಇವತ್ತ. ಈಗ ಅವ್ವಾರು ಹೊರಗ ಬರಲಿ."

ಜೊತೆಗೆ ತಂದಿದ್ದ ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ಅವನು ಮೆಲ್ಲಗೆ ದೂಡಿದ. ಒಳಗೆ ಮಗು ಅತ್ತಿತು, ಸುಮ್ಮನಾಯಿತು. ರೋಹಿಣಿ ಅವನ ಪಕ್ಕದಲ್ಲಿ ಬಂದು ಕುಳಿತಳು. ಕೆಂಪು ಅರಗು ಹತ್ತಿದ ಆ ಬೆರಳುಗಳು ಅವಳ ಕೈಗೆ ತಾಗಿದವು. ಅವಳು ಕೈ ತೆಗೆಯಲಿಲ್ಲ.

ತೊಟ್ಟಿಲು ನಿಂತಿತು.

"ಎಷ್ಟ ಸಲ ತೂಗಿತು?" ಎಂದು ಅವನು ಕೇಳಿದ.

ಅವಳು ಬಾಯಿ ತೆರೆದಳು. ಸಂಖ್ಯೆ ಇರಲಿಲ್ಲ.

"ಎಣಸಲಿಲ್ರಿ."

"ಹಂಗಾರ ತಾರೀಖಿನ ಬಾಕಿ ತೀರಿತು," ಎಂದ ಫಕೀರೇಶ.

ಗುರವ್ವ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಅವನು ಎದ್ದು ನಿಂತ.